ಏಳು ವರ್ಷದ ಗೇಮಿಂಗ್ ಕಂಪ್ಯೂಟರಿಗೆ ನಲವತ್ತು ಸಾವಿರ ರೂಪಾಯಿ

"ಮಾಮಾ, ಮತ್ತ ಅಟಕ್ಲಕತ್ತದ ನೋಡ್ರಿ" ಎಂದು ನನ್ನ ಅಕ್ಕನ ಮಗ ಮೌಸಿನಿಂದ ಕೈ ತೆಗೆದದ್ದು 2025ರ ಏಪ್ರಿಲ್ ತಿಂಗಳ ಒಂದು ಭಾನುವಾರದ ಮಧ್ಯಾಹ್ನ. ಕಲಬುರಗಿಯ ಬಿಸಿಲು ಆಗಲೇ ಏರಿತ್ತು. ಶಹಾಬಾದ್ ಕಲ್ಲಿನ ನೆಲವೂ ಬರಿಗಾಲಿಗೆ ಬೆಚ್ಚಗೆ ತಾಗುತ್ತಿತ್ತು, ಕಿಟಕಿಯ ಕೂಲರ್ ಒಂದೇ ಸಮನೆ ಸದ್ದು ಮಾಡುತ್ತಿತ್ತು, ಮೇಜಿನ ಕೆಳಗಿದ್ದ ಕ್ಯಾಬಿನೆಟ್ಟಿನ ಫ್ಯಾನು ಅದನ್ನೂ ಮೀರಿ ಕೂಗುತ್ತಿತ್ತು. ಆಟದಲ್ಲಿ ಎದುರಾಳಿ ಮೂಲೆಯಿಂದ ಹೊರಬರುವ ಹೊತ್ತಿಗೇ ಚಿತ್ರ ಅರ್ಧ ಸೆಕೆಂಡು ನಿಂತುಬಿಡುತ್ತಿತ್ತು. ಮತ್ತೆ ಚಲಿಸುವಷ್ಟರಲ್ಲಿ ಇವನ ಆಟ ಮುಗಿದಿರುತ್ತಿತ್ತು.

ಆ ಯಂತ್ರವನ್ನು ನಾನು 2018ರಲ್ಲಿ, ನೌಕರಿಯ ಮೊದಲ ವರ್ಷಗಳ ಉಳಿತಾಯದಿಂದ, ಒಂದೊಂದೇ ಭಾಗವನ್ನು ಆರಿಸಿ ಕಟ್ಟಿಸಿದ್ದೆ. ಎಎಂಡಿಯ ರೈಜನ್ 5 1600 ಪ್ರೊಸೆಸರ್, ಎಲ್ಲ ಭಾಗಗಳೂ ಕೂರುವ ಬಿ350 ಚಿಪ್‌ಸೆಟ್ಟಿನ ಮದರ್‌ಬೋರ್ಡ್, ಪರದೆಯ ಚಿತ್ರ ಬಿಡಿಸುವ ಎನ್‌ವಿಡಿಯಾದ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, 1 ಟಿಬಿಯ ಹಾರ್ಡ್ ಡಿಸ್ಕ್ ಮತ್ತು ಕ್ಯಾಬಿನೆಟ್ಟಿನ ಜೊತೆಗೇ ಬಂದಿದ್ದ ಒಂದು ಎಸ್‌ಎಂಪಿಎಸ್ (ಭಾಗಗಳಿಗೆಲ್ಲ ವಿದ್ಯುತ್ ಹಂಚುವ ಪೆಟ್ಟಿಗೆ) ಅದರಲ್ಲಿದ್ದವು. ಆಗಿನ ಆಟಗಳಿಗೆ ಅದು ಧಾರಾಳವಾಗಿ ಸಾಕಾಗುತ್ತಿತ್ತು. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಅದರ ಮುಂದೆ ಕೂರುವುದು ನನಗೆ ದಿನದ ದಣಿವು ಕಳೆಯುವ ದಾರಿಯಾಗಿತ್ತು, ಈಗಲೂ ಆಗಿದೆ. ಹೀಗಾಗಿ ಅದನ್ನು ಗುಜರಿಗೆ ಹಾಕಿ ಎಂಬ ಮಾತು ನನಗೆ ಸುಲಭವಾಗಿ ಒಗ್ಗಲಿಲ್ಲ.

ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ, "ಏಳು ವರ್ಷದ್ದು ಅದ, ಹೊಸಾದೇ ತಗೊಂಡು ಬಿಡ್ರಿ ಸರ, ಎಂಬತ್ತು ಸಾವಿರದಾಗ ಛಂದ್ ಸೆಟ್ ಆಗ್ತದ" ಎಂಬ ಉತ್ತರ ಬಂತು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನನ್ನ ಕೈಯಲ್ಲಿ ಇದಕ್ಕಾಗಿ ತೆಗೆದಿಡಬಹುದಾಗಿದ್ದದ್ದು ನಲವತ್ತು ಸಾವಿರ; ಅದೂ ಒಂದೇ ಬಾರಿಗೆ ಅಲ್ಲ, ಆರು ತಿಂಗಳಲ್ಲಿ. ಮನೆಗೆ ಬಂದು ಅಳಿಯನ ಮಾತನ್ನೇ ಮತ್ತೆ ಯೋಚಿಸಿದೆ. ಅವನು ಯಂತ್ರ ನಿಧಾನವಾಗಿದೆ ಎಂದಿರಲಿಲ್ಲ, ಅಟಕುತ್ತಿದೆ ಎಂದಿದ್ದ. ನಮ್ಮ ಕಡೆ ಅಟಕುವುದೆಂದರೆ ನಡೆಯುತ್ತಿದ್ದದ್ದು ನಡುವೆ ಸಿಕ್ಕಿಕೊಂಡು ನಿಲ್ಲುವುದು. ಅಟಕುವುದು ಒಂದು ರೋಗ, ನಿಧಾನವಾಗುವುದು ಇನ್ನೊಂದು ರೋಗ. ಎರಡಕ್ಕೂ ಗ್ರಾಫಿಕ್ಸ್ ಕಾರ್ಡೇ ಔಷಧಿ ಎಂದು ತಿಳಿದು ಹಣ ಸುರಿದವರನ್ನು ನಾನು ಕಂಡಿದ್ದೇನೆ. ಹೊಸ ಕಾರ್ಡ್ ಬಂದ ಮೇಲೂ ಅವರ ಆಟ ಮೊದಲಿನ ಹಾಗೆಯೇ ಅಟಕುತ್ತಿತ್ತು.

ಆದ್ದರಿಂದ ಒಂದು ರೂಪಾಯಿಯನ್ನೂ ಖರ್ಚು ಮಾಡುವ ಮೊದಲು ಒಂದು ವಾರ ಅಳತೆ ಮಾಡಿದೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಮತ್ತು ಅದರೊಂದಿಗೆ ಬರುವ ರಿವಾಟ್ಯೂನರ್ ಅನ್ನು ಹಾಕಿಕೊಂಡರೆ, ಆಟ ನಡೆಯುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಎಷ್ಟು ದುಡಿಯುತ್ತಿದೆ, ಪ್ರೊಸೆಸರಿನ ಒಂದೊಂದು ಕೋರ್ (ಅದರೊಳಗಿನ ಲೆಕ್ಕದ ಘಟಕ) ಎಷ್ಟು ದುಡಿಯುತ್ತಿದೆ, ರ‍್ಯಾಮ್ ಎಷ್ಟು ತುಂಬಿದೆ, ಯಾವುದು ಎಷ್ಟು ಕಾದಿದೆ ಎಂಬುದೆಲ್ಲ ಕಾಣುತ್ತದೆ. ಗ್ರಾಫಿಕ್ಸ್ ಕಾರ್ಡಿನ ಅಂಕಿ ಸದಾ ಶೇಕಡ 97, 98ರಲ್ಲಿದ್ದರೆ ಯಂತ್ರವನ್ನು ಹಿಡಿದಿಟ್ಟಿರುವುದು ಆ ಕಾರ್ಡೇ. ಅದು 60ಕ್ಕೆ ಇಳಿದು, ಪ್ರೊಸೆಸರಿನ ಒಂದೆರಡು ಕೋರ್‌ಗಳು ತುಂಬಿ ತುಳುಕುತ್ತಿದ್ದರೆ ತಡೆ ಪ್ರೊಸೆಸರಿನಲ್ಲಿದೆ. ಇನ್ನೊಂದು ಅಂಕಿಯನ್ನು ತಪ್ಪದೆ ನೋಡಬೇಕು. ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಬಿಡಿ ಚಿತ್ರಗಳು, ಬಂದವು ಎಂಬ ಸರಾಸರಿಯ ಪಕ್ಕದಲ್ಲಿ, ಅತ್ಯಂತ ತಡವಾಗಿ ಬಂದ ನೂರರಲ್ಲೊಂದು ಪಾಲು ಫ್ರೇಮುಗಳ ವೇಗವನ್ನೂ ಅದು ತೋರಿಸುತ್ತದೆ. ಕಣ್ಣಿಗೆ ಅಟಕಿದಂತೆ ಕಾಣುವುದು ಇವೇ. ಕೌಂಟರ್-ಸ್ಟ್ರೈಕ್ 2 ಆಟದಲ್ಲಿ ನನ್ನ ಯಂತ್ರದ ಸರಾಸರಿ 78 ಇತ್ತು, ಕೇಳಲು ಚೆನ್ನಾಗಿಯೇ ಇದೆ; ಆದರೆ ಆ ಕೆಳಗಿನ ಅಂಕಿ 24ಕ್ಕೆ ಕುಸಿದಿತ್ತು. ಅಳಿಯ ದೂರುತ್ತಿದ್ದದ್ದು ಆ ಇಪ್ಪತ್ನಾಲ್ಕನ್ನು.

ಅಟಕಿದ ಕ್ಷಣಗಳನ್ನು ಹಿಡಿದು ನೋಡಿದಾಗ ಮೂರು ಸಂಗತಿಗಳು ಒಟ್ಟಿಗೇ ಕಂಡವು: 8 ಜಿಬಿ ರ‍್ಯಾಮಿನಲ್ಲಿ ಏಳೂವರೆ ತುಂಬಿರುತ್ತಿತ್ತು, ಹಾರ್ಡ್ ಡಿಸ್ಕಿನ ಬಳಕೆ ಶೇಕಡ 100 ಮುಟ್ಟಿರುತ್ತಿತ್ತು, ಪ್ರೊಸೆಸರಿನ ಶಾಖ 90 ಡಿಗ್ರಿ ದಾಟಿರುತ್ತಿತ್ತು. ಆ ಪ್ರೊಸೆಸರಿಗೆ ಹೇಳಿರುವ ಗರಿಷ್ಠ ಮಿತಿ 95. ರ‍್ಯಾಮ್ ಸಾಲದಾದಾಗ ವಿಂಡೋಸ್ ಒಂದಷ್ಟು ಮಾಹಿತಿಯನ್ನು ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ಮತ್ತೆ ಅಲ್ಲಿಂದ ತರುತ್ತದೆ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೈ ಚಾಚಿ ಓದಲು ಸುಮಾರು 10 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮಿಗೆ ಸಿಗುವ ಕಾಲವೇ 16.7 ಮಿಲಿಸೆಕೆಂಡು. ಹತ್ತಾರು ಬಾರಿ ಹೀಗೆ ಕೈ ಚಾಚಬೇಕಾದಾಗ ಆಟ ನಿಲ್ಲದೆ ಇನ್ನೇನು ಮಾಡೀತು?

ಮೊದಲು ಕೈ ಹಾಕಿದ್ದು ಶಾಖಕ್ಕೆ, ಏಕೆಂದರೆ ಅದಕ್ಕೆ ಎಲ್ಲಕ್ಕಿಂತ ಕಡಿಮೆ ಹಣ ಸಾಕು. ಕ್ಯಾಬಿನೆಟ್ಟಿನ ಬದಿಯ ಮುಚ್ಚಳ ತೆಗೆದು ಪ್ರೊಸೆಸರಿನ ಮೇಲಿನ ಫ್ಯಾನನ್ನು ಬಿಚ್ಚಿದೆ. ಅದರಡಿಯ, ಶಾಖ ಹೀರುವ ಹೀಟ್‌ಸಿಂಕಿನ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಧೂಳು ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿ ಕೂತಿತ್ತು. ಚಿಮಟದಿಂದ ಒಂದು ಅಂಚು ಹಿಡಿದು ಎಳೆದರೆ ಇಡೀ ಪದರ ಒಂದೇ ಹಾಳೆಯಾಗಿ ಎದ್ದು ಬಂತು. ನಮ್ಮ ಎರೆಮಣ್ಣಿನ ಧೂಳು ಬಲು ನುಣ್ಣಗಿರುತ್ತದೆ. ಬೇಸಿಗೆಯಲ್ಲಿ ಕೂಲರಿನಿಂದ ಬರುವ ತೇವದ ಗಾಳಿಯೊಂದಿಗೆ ಸೇರಿ ಅದು ಅಂಟಾಗುತ್ತದೆ, ಒಣಗಿದ ಮೇಲೆ ಬ್ರಷ್ಷಿಗೂ ಜಗ್ಗುವುದಿಲ್ಲ. ಕೂಲರಿನ ಗಾಳಿ ನೇರವಾಗಿ ಕ್ಯಾಬಿನೆಟ್ಟಿಗೆ ಬಡಿಯುವಂತೆ ಇಟ್ಟರೆ ಯಂತ್ರ ತಂಪಾಗಿರುತ್ತದೆ ಎಂದು ನಂಬಿ ವರ್ಷಗಟ್ಟಲೆ ಹಾಗೆಯೇ ಇಟ್ಟಿದ್ದೆ. ಈಗ ಮೇಜನ್ನೇ ಎದುರು ಗೋಡೆಗೆ ಸರಿಸಿದ್ದೇನೆ.

ಅದೇ ದಿನ ಒಂದು ಅವಘಡವೂ ಆಯಿತು. ಪ್ರೊಸೆಸರಿನ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಲೆಂದು ಹೀಟ್‌ಸಿಂಕಿನ ತಿರುಪುಗಳನ್ನು ಬಿಚ್ಚಿ ನೇರವಾಗಿ ಮೇಲೆತ್ತಿದೆ. ಏಳು ವರ್ಷದ ಪೇಸ್ಟ್ ಸುಣ್ಣದ ಗಾರೆಯಂತೆ ಗಟ್ಟಿಯಾಗಿದ್ದರಿಂದ ಪ್ರೊಸೆಸರ್ ಸಾಕೆಟ್ಟಿನಲ್ಲಿ ಉಳಿಯದೆ ಹೀಟ್‌ಸಿಂಕಿಗೆ ಅಂಟಿಕೊಂಡೇ ಕಿತ್ತು ಬಂತು. ಎಎಂ4 ಎಂಬ ಸಾಕೆಟ್ಟಿಗೆ ಕೂರುವ ಇಂಥ ಪ್ರೊಸೆಸರಿನ ಹೊಟ್ಟೆಯಲ್ಲಿ 1331 ಸಣ್ಣ ಪಿನ್ನುಗಳಿರುತ್ತವೆ. ಅವುಗಳಲ್ಲಿ ಒಂದು ಮೂಲೆಯ ಎರಡು ಬಾಗಿದ್ದವು. ಕೈ ನಡುಗಿತು. ಅಕ್ಕನ ಮಗನ ಕಂಪಾಸಿನಿಂದ 0.5ರ ಪೆನ್ ಪೆನ್ಸಿಲ್ ತೆಗೆದು, ಕಡ್ಡಿಯನ್ನು ಹೊರತೆಗೆದು, ಖಾಲಿ ತುದಿಯನ್ನು ಬಾಗಿದ ಪಿನ್ನಿಗೆ ತೊಡಿಸಿ, ಒಂದೊಂದು ಕೂದಲೆಳೆಯಷ್ಟೇ ಎತ್ತುತ್ತ ನೆಟ್ಟಗೆ ಮಾಡಿದೆ. ಸಾಕೆಟ್ಟಿನಲ್ಲಿ ಇಟ್ಟಾಗ ಪ್ರೊಸೆಸರ್ ತನ್ನ ಭಾರಕ್ಕೇ ಕೆಳಗಿಳಿದು ಕೂತಿತು. ಇದನ್ನು ಮಾಡಲಿರುವವರು ದಯವಿಟ್ಟು ನೆನಪಿಡಿ: ಬಿಚ್ಚುವ ಮೊದಲು ಹತ್ತು ನಿಮಿಷ ಯಾವುದಾದರೂ ಆಟ ಆಡಿ ಪೇಸ್ಟನ್ನು ಬೆಚ್ಚಗೆ ಮಾಡಿ, ನಂತರ ವಿದ್ಯುತ್ ತೆಗೆದು, ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವಿ ಸಡಿಲಿಸಿದ ಮೇಲೆಯೇ ಎತ್ತಬೇಕು.

ಪೇಸ್ಟಿಗೆ ಮತ್ತು ಎರಡು ಕ್ಯಾಬಿನೆಟ್ ಫ್ಯಾನುಗಳಿಗೆ ಸೇರಿ 1,150 ರೂಪಾಯಿ ಆಯಿತು. ಮುಂದಿನಿಂದ ಗಾಳಿ ಒಳಗೆಳೆಯುವ ಒಂದು, ಹಿಂದಿನಿಂದ ಹೊರಗೆ ತಳ್ಳುವ ಇನ್ನೊಂದು. ಅದೇ ಕೋಣೆ, ಅದೇ ಆಟ. ಪ್ರೊಸೆಸರಿನ ಶಾಖ 76ಕ್ಕೆ ಇಳಿಯಿತು. ಇಲ್ಲಿ ನಮ್ಮ ಊರಿನವರು ಗಮನಿಸಬೇಕಾದ ಒಂದು ಲೆಕ್ಕವಿದೆ. ಕೋಣೆಯ ಗಾಳಿ ಎಷ್ಟು ಡಿಗ್ರಿ ಹೆಚ್ಚಿದರೆ ಒಳಗಿನ ಭಾಗಗಳ ಶಾಖವೂ ಹೆಚ್ಚು ಕಡಿಮೆ ಅಷ್ಟೇ ಡಿಗ್ರಿ ಏರುತ್ತದೆ. ಬೆಂಗಳೂರಿನಲ್ಲಿ 26 ಡಿಗ್ರಿಯ ಕೋಣೆಯಲ್ಲಿ ಕೂತು ಪರೀಕ್ಷಿಸಿದವರು ಒಂದು ಕಾರ್ಡ್ 70 ಡಿಗ್ರಿ ತಲುಪುತ್ತದೆ ಎಂದರೆ, ಮೇ ತಿಂಗಳ ಮಧ್ಯಾಹ್ನ 38 ಡಿಗ್ರಿ ಇರುವ ನಮ್ಮ ಕೋಣೆಯಲ್ಲಿ ಅದು 82ರ ಹತ್ತಿರ ಬರುತ್ತದೆ ಎಂದು ಮೊದಲೇ ಎಣಿಸಿಕೊಳ್ಳಬೇಕು.

ಆಮೇಲೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ, ಚಿಪ್ಪುಗಳ ವೇಗದ ಡಿಸ್ಕ್. 8 ಜಿಬಿಯ ಎರಡು ಸ್ಟಿಕ್ಕಿನ ಡಿಡಿಆರ್4 ಜೋಡಿಗೆ 3,200 ರೂಪಾಯಿ, 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿಗೆ 4,900 ರೂಪಾಯಿ ಕೊಟ್ಟೆ. 16 ಜಿಬಿಯ ಒಂದೇ ಸ್ಟಿಕ್ ತೆಗೆದುಕೊಳ್ಳದೆ ಜೋಡಿಯನ್ನೇ ಕೊಳ್ಳಲು ಕಾರಣವಿದೆ: ಪ್ರೊಸೆಸರಿಗೂ ರ‍್ಯಾಮಿಗೂ ನಡುವೆ ಎರಡು ದಾರಿಗಳಿವೆ, ಒಂದೇ ಸ್ಟಿಕ್ ಹಾಕಿದರೆ ಒಂದು ದಾರಿ ಖಾಲಿ ಬೀಳುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಅವನ್ನು ಕೂರಿಸಬೇಕು. ಕೂರಿಸಿದರಷ್ಟೇ ಸಾಲದು, ಬಯೋಸಿನಲ್ಲಿ (ಬೋರ್ಡಿನದೇ ಮೂಲ ತಂತ್ರಾಂಶದಲ್ಲಿ) ಎಕ್ಸ್‌ಎಂಪಿ ಅಥವಾ ಡಿಒಸಿಪಿ ಎಂಬ ಆಯ್ಕೆಯನ್ನು ಚಾಲೂ ಮಾಡದಿದ್ದರೆ 3200 ವೇಗದ ರ‍್ಯಾಮ್ 2133ರಲ್ಲೋ 2400ರಲ್ಲೋ ಓಡುತ್ತಿರುತ್ತದೆ. ಮೊದಲ ತಲೆಮಾರಿನ ರೈಜನ್‌ಗೆ 3200 ಜೀರ್ಣವಾಗಲಿಲ್ಲ, ಯಂತ್ರ ಎರಡು ಬಾರಿ ತಾನಾಗಿ ಮರುಚಾಲನೆಗೊಂಡಿತು. 2933ಕ್ಕೆ ಇಳಿಸಿದ ಮೇಲೆ ತೊಂದರೆ ಬರಲಿಲ್ಲ.

ಎಸ್‌ಎಸ್‌ಡಿ ಈಗ ಐಷಾರಾಮದ ವಸ್ತುವಾಗಿ ಉಳಿದಿಲ್ಲ. ಸೈಬರ್‌ಪಂಕ್ 2077 ಆಟ ತಯಾರಿಸಿದವರು 2023ರಲ್ಲಿ ಕನಿಷ್ಠ ಅಗತ್ಯಗಳ ಪಟ್ಟಿಯಿಂದ ಹಾರ್ಡ್ ಡಿಸ್ಕನ್ನೇ ತೆಗೆದುಹಾಕಿದರು. ವಿಂಡೋಸ್ ಅನ್ನು ಎಸ್‌ಎಸ್‌ಡಿಯಲ್ಲಿ ಹೊಸದಾಗಿಯೇ ಹಾಕಿಕೊಂಡೆ; ಏಳು ವರ್ಷದ ಕಸವನ್ನು ಹೊಸ ಮನೆಗೆ ಹೊತ್ತು ತರಲು ಮನಸ್ಸಾಗಲಿಲ್ಲ. ಮುಂದಿನ ಭಾನುವಾರ ಅಳಿಯ ಬಂದು ಒಂದು ಗಂಟೆ ಆಡಿದ. ಸರಾಸರಿ 78ರಿಂದ 90ಕ್ಕಷ್ಟೇ ಏರಿತ್ತು, ಆದರೆ ಕೆಳಗಿನ ಅಂಕಿ 24ರಿಂದ 52ಕ್ಕೆ ಬಂದಿತ್ತು. "ಈಗ ಅಟಕಲ್ದಾಗ್ಯಾದ ಮಾಮಾ" ಎಂದ. ಅಲ್ಲಿಯವರೆಗಿನ ಖರ್ಚು 9,250 ರೂಪಾಯಿ. ಕೈಯಲ್ಲಿ ಹತ್ತು ಸಾವಿರವಷ್ಟೇ ಇರುವವರು ಇಲ್ಲಿಗೇ ನಿಲ್ಲಬಹುದು, ಮತ್ತು ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಸಿಕ್ಕಿದ್ದು ಈ ಹಂತದಲ್ಲಿಯೇ ಎಂದು ನಾನು ಖಂಡಿತವಾಗಿ ಹೇಳಬಲ್ಲೆ.

ಅಟಕುವ ರೋಗ ವಾಸಿಯಾದ ಮೇಲೆ ನಿಧಾನದ ರೋಗ ಎದ್ದು ಕಾಣತೊಡಗಿತು. ಸೈಬರ್‌ಪಂಕ್‌ನಂಥ ದೊಡ್ಡ ಆಟದಲ್ಲಿ ಚಿತ್ರದ ಗುಣಮಟ್ಟವನ್ನು ಎಷ್ಟು ಇಳಿಸಿದರೂ ಸೆಕೆಂಡಿಗೆ 30 ಫ್ರೇಮಿನ ಆಸುಪಾಸಿನಲ್ಲೇ ನಿಲ್ಲುತ್ತಿತ್ತು, ಗ್ರಾಫಿಕ್ಸ್ ಕಾರ್ಡ್ 99ರಿಂದ ಕೆಳಗಿಳಿಯುತ್ತಿರಲಿಲ್ಲ. 2016ರಲ್ಲಿ ಬಿಡುಗಡೆಯಾದ 4 ಜಿಬಿಯ ಕಾರ್ಡಿನಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವುದು ನ್ಯಾಯವಲ್ಲ. ಹೊಸ ಕಾರ್ಡ್ ಬೇಕೆಂಬುದು ಖಚಿತವಾಯಿತು. ಆದರೆ ಹೊಸ ಕಾರ್ಡಿಗೆ ಮೊದಲು ನೋಡಬೇಕಾದದ್ದು ಎಸ್‌ಎಂಪಿಎಸ್ ಅನ್ನು.

ನನ್ನ ಹಳೆಯ ಎಸ್‌ಎಂಪಿಎಸ್ಸಿನ ಮೇಲೆ ದಪ್ಪ ಅಕ್ಷರಗಳಲ್ಲಿ 500 ವ್ಯಾಟ್ ಎಂದು ಬರೆದಿತ್ತು. ಅದನ್ನು ಹೊರತೆಗೆದು, ಟಾರ್ಚ್ ಹಿಡಿದು, ಬದಿಯ ಚೀಟಿಯನ್ನು ಓದಿದೆ. 12 ವೋಲ್ಟಿನ ಸಾಲಿನಲ್ಲಿ 16 ಆಂಪಿಯರ್ ಎಂದಿತ್ತು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಆ ಸಾಲಿನಿಂದಲೇ. ಹನ್ನೆರಡನ್ನು ಹದಿನಾರರಿಂದ ಗುಣಿಸಿದರೆ 192 ವ್ಯಾಟ್ ಮಾತ್ರ. ಉಳಿದ ಮುನ್ನೂರು ವ್ಯಾಟ್ ಈ ಕಾಲದ ಕಂಪ್ಯೂಟರ್ ಹೆಚ್ಚಾಗಿ ಬಳಸದ 5 ಮತ್ತು 3.3 ವೋಲ್ಟಿನ ಸಾಲುಗಳಲ್ಲಿ, ಇಲ್ಲವೇ ಬರೀ ಕಾಗದದ ಮೇಲೆ ಇದ್ದವು. 1050 ಟಿಐ ಕಾರ್ಡ್ 75 ವ್ಯಾಟಿನೊಳಗೆ, ಬೇರೆ ವಿದ್ಯುತ್ ತಂತಿಯನ್ನೂ ಕೇಳದೆ, ಬೋರ್ಡಿನಿಂದಲೇ ಬದುಕುತ್ತಿದ್ದುದರಿಂದ ಏಳು ವರ್ಷ ಇದು ಬಯಲಾಗಿರಲಿಲ್ಲ. ಇಂಥ ಪೆಟ್ಟಿಗೆಗೆ ಅಡಾಪ್ಟರ್ ತಂತಿ ಸಿಕ್ಕಿಸಿ ದೊಡ್ಡ ಕಾರ್ಡ್ ಓಡಿಸಲು ಹೋದರೆ ತಂತಿ ಕರಗುವುದರಿಂದ ಹಿಡಿದು ಬೋರ್ಡ್ ಸುಡುವವರೆಗೆ ಏನು ಬೇಕಾದರೂ ಆದೀತು. ವೋಲ್ಟೇಜ್ ಏರಿಳಿಯುವ, ಲೈಟ್ ಹೋಗಿ ಹೋಗಿ ಬರುವ ಕಡೆಗಳಲ್ಲಿ ಈ ಒಂದು ಭಾಗದಲ್ಲಿ ಜಿಪುಣತನ ಮಾಡಬಾರದೆಂಬುದು ನನ್ನ ಬಲವಾದ ಅಭಿಪ್ರಾಯ. 80 ಪ್ಲಸ್ ಬ್ರಾಂಝ್ ಎಂಬ ದಕ್ಷತೆಯ ದರ್ಜೆಯ 550 ವ್ಯಾಟಿನ ಒಂದನ್ನು ಐದು ವರ್ಷದ ವಾರಂಟಿಯೊಂದಿಗೆ 4,400 ರೂಪಾಯಿಗೆ ತಂದೆ. ಹಾಗೆಯೇ ವಿದ್ಯುತ್ ಮಿಸ್ತ್ರಿಯನ್ನು ಕರೆಸಿ ಆ ಕೋಣೆಯ ಪ್ಲಗ್ಗಿಗೆ ಅರ್ಥಿಂಗ್ ಸರಿಯಾಗಿದೆಯೇ ಎಂದೂ ನೋಡಿಸಿದೆ.

ಕಾರ್ಡಿನ ಆಯ್ಕೆಗೆ ಒಂದು ತಿಂಗಳೇ ಹಿಡಿಯಿತು. ನಿರ್ಧಾರ ಶುರುವಾಗಬೇಕಾದದ್ದು ಮಾನಿಟರಿನಿಂದ. ನನ್ನದು 1920 ಅಡ್ಡ 1080ರ, ಸೆಕೆಂಡಿಗೆ 75 ಬಾರಿ ಚಿತ್ರ ಬದಲಿಸುವ ಸಾಧಾರಣ ಮಾನಿಟರ್. ಅದರಲ್ಲಿರುವುದು ಸುಮಾರು 20.7 ಲಕ್ಷ ಚುಕ್ಕೆಗಳು. 4ಕೆ ಪರದೆಯಲ್ಲಿ 82.9 ಲಕ್ಷ. ನಾಲ್ಕು ಪಟ್ಟು ಚುಕ್ಕೆಗಳನ್ನು ತುಂಬಲೆಂದು ಮಾಡಿದ ಕಾರ್ಡನ್ನು ಈ ಮಾನಿಟರಿನ ಹಿಂದೆ ಕೂರಿಸುವುದು ವ್ಯರ್ಥ. ಆದ್ದರಿಂದ ಪ್ರಶ್ನೆ ಚಿಕ್ಕದಾಯಿತು: 1080ರಲ್ಲಿ, ಒಳ್ಳೆಯ ಗುಣಮಟ್ಟದಲ್ಲಿ, 60ರಿಂದ 75 ಫ್ರೇಮ್ ಕೊಡುವ ಅಗ್ಗದ ಕಾರ್ಡ್ ಯಾವುದು?

ಬಳಸಿದ ಆರ್‌ಎಕ್ಸ್ 580 ಕಾರ್ಡುಗಳು ಬಹಳ ಅಗ್ಗಕ್ಕೆ ಸಿಗುತ್ತಿದ್ದವು. ಅವುಗಳಲ್ಲಿ ಅನೇಕವು ಕ್ರಿಪ್ಟೊ ಗಣಿಗಾರಿಕೆಯಲ್ಲಿ ಹಗಲಿರುಳು ದುಡಿದು ಬಂದವು, ಕೆಲವು 2048 ಕೋರ್‌ಗಳಿಗೆ ಕಡಿತಗೊಂಡ ಬೇರೆಯದೇ ಮಾದರಿಗಳು. 2023ರಿಂದ ಆ ಪೀಳಿಗೆಗೆ ಹೊಸ ಆಟಗಳಿಗೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹೊಂದಿಸುವ ಕೆಲಸವೂ ನಿಂತಿದೆ. ಆರ್‌ಎಕ್ಸ್ 6500 ಎಕ್ಸ್‌ಟಿ ಹೊಸದಾದರೂ, ಅದು ಬೋರ್ಡಿನೊಂದಿಗೆ ಮಾತಾಡುವುದು ನಾಲ್ಕೇ ಲೇನುಗಳಲ್ಲಿ (ಮಾಹಿತಿ ಓಡಾಡುವ ದಾರಿಗಳಲ್ಲಿ), ಪಿಸಿಐಇ ಎಂಬ ಆ ಸಂಪರ್ಕದ ವೇಗದ 4.0 ಆವೃತ್ತಿಯ ಬೋರ್ಡಿನಲ್ಲಿ ಅದು ಹೇಗೋ ನಡೆಯುತ್ತದೆ, ನನ್ನ ಬಿ350ಯಂಥ ಪಿಸಿಐಇ 3.0 ಬೋರ್ಡಿನಲ್ಲಿ ಅದರ 4 ಜಿಬಿ ತುಂಬಿದೊಡನೆ ಮುಗ್ಗರಿಸುತ್ತದೆ. ಹಳೆಯ ಯಂತ್ರಕ್ಕೆಂದೇ ಕೊಳ್ಳುವ ಅಗ್ಗದ ಕಾರ್ಡ್ ಹಳೆಯ ಯಂತ್ರದಲ್ಲೇ ಸರಿಯಾಗಿ ನಡೆಯದಿರುವುದು ನನಗೆ ಬಹಳ ಬೇಸರ ತರಿಸಿದ ಸಂಗತಿ, ಏಕೆಂದರೆ ಡಬ್ಬಿಯ ಮೇಲೆ ಓದಿ ಕೊಳ್ಳುವವರಿಗೆ ಇದು ತಿಳಿಯುವುದೇ ಇಲ್ಲ. 6 ಜಿಬಿಯ ಆರ್‌ಟಿಎಕ್ಸ್ 3050 ಕಾರ್ಡಿಗೆ ಪ್ರತ್ಯೇಕ ವಿದ್ಯುತ್ ತಂತಿ ಬೇಡ, 70 ವ್ಯಾಟಿನಲ್ಲಿ ನಡೆಯುತ್ತದೆ. ಎಸ್‌ಎಂಪಿಎಸ್ ಬದಲಿಸಲಾಗದವರಿಗೆ ಅದು ಒಳ್ಳೆಯ ಆಯ್ಕೆ. 12 ಜಿಬಿಯ ಆರ್‌ಟಿಎಕ್ಸ್ 3060 ನನ್ನ ಬಜೆಟ್ ದಾಟಿತ್ತು.

ಕೊನೆಗೆ ಆರಿಸಿದ್ದು 8 ಜಿಬಿಯ ಆರ್‌ಎಕ್ಸ್ 6600. 2021ರ ಅಕ್ಟೋಬರಿನಲ್ಲಿ ಬಂದ ಕಾರ್ಡ್, 132 ವ್ಯಾಟ್, ಎಂಟು ಲೇನು. ಪಿಸಿಐಇ 3.0ರಲ್ಲೂ ಅದು ಕಳೆದುಕೊಳ್ಳುವುದು ಅತ್ಯಲ್ಪ. ಇನ್ನೊಂದು ಕಾರಣವೂ ಇತ್ತು. 2025ರ ಮೇ ತಿಂಗಳಲ್ಲಿ ಬಂದ ಡೂಮ್: ದ ಡಾರ್ಕ್ ಏಜಸ್ ಆಟಕ್ಕೆ, ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕ ಹಾಕಿ ಚಿತ್ರ ಬಿಡಿಸುವ ರೇ ಟ್ರೇಸಿಂಗ್ ಯಂತ್ರಾಂಶವುಳ್ಳ ಕಾರ್ಡ್ ಇರಲೇಬೇಕು. ಜಿಟಿಎಕ್ಸ್ 1660 ಆಗಲಿ ಆರ್‌ಎಕ್ಸ್ 580 ಆಗಲಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಅಂಥ ಆಟಗಳ ಬಾಗಿಲನ್ನೇ ತೆರೆಯಲಾರವು, 6600 ತೆರೆಯುತ್ತದೆ. ಆಗಸ್ಟಿನಲ್ಲಿ ಸಂಬಂಧಿಕರ ಮದುವೆಗೆಂದು ಸಿಕಂದರಾಬಾದಿಗೆ ಹೋದಾಗ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ನಾಲ್ಕಾರು ಅಂಗಡಿ ಸುತ್ತಿ 20,800 ರೂಪಾಯಿಗೆ ಕೊಂಡೆ. ಜಿಎಸ್‌ಟಿ ಬಿಲ್ಲಿನ ಮೇಲೆ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೊಂಡು, ಡಬ್ಬಿಯ ಮೇಲಿನ ನಂಬರಿನೊಂದಿಗೆ ಅಲ್ಲಿಯೇ ತಾಳೆ ನೋಡಿದೆ. ಪರ ಊರಿನಲ್ಲಿ ಕೊಂಡದ್ದಕ್ಕೆ ಮುಂದೆ ವಾರಂಟಿ ಕೇಳಬೇಕಾದರೆ ನಮ್ಮ ಕೈಯಲ್ಲಿರುವ ಆಧಾರ ಅದೊಂದೇ. ಆಮೇಲೆ, ವರ್ಷದ ಕೊನೆಯಲ್ಲಿ, ಆ ಸರಣಿಯ ಡ್ರೈವರುಗಳನ್ನು ಬೇರೆ ಶಾಖೆಗೆ ಸರಿಸಲಾಗುತ್ತಿದೆ ಎಂಬ ಸುದ್ದಿ ಬಂದು ಸ್ವಲ್ಪ ಕಳವಳವಾಯಿತು. ಹೊಸ ಆಟಗಳ ಬೆಂಬಲ ಮುಂದುವರಿಯುತ್ತದೆ ಎಂದು ಎಎಂಡಿ ಸ್ಪಷ್ಟಪಡಿಸಿದ ಮೇಲೆ ಸಮಾಧಾನವಾಯಿತು.

ಕಾರ್ಡ್ ಹಾಕಿದ ರಾತ್ರಿ ಸೈಬರ್‌ಪಂಕ್ ಮೊದಲ ಬಾರಿಗೆ ಅರವತ್ತು ಮುಟ್ಟಿತು. ಮಳೆ ಬಿದ್ದ ರಸ್ತೆಯಲ್ಲಿ ಅಂಗಡಿಯ ದೀಪಗಳು ಪ್ರತಿಫಲಿಸುವುದನ್ನು ನೋಡುತ್ತ, ಆಟದ ಕೆಲಸ ಬಿಟ್ಟು, ಬಹಳ ಹೊತ್ತು ಸುಮ್ಮನೆ ಅಡ್ಡಾಡಿದೆ. ಕೌಂಟರ್-ಸ್ಟ್ರೈಕಿನಲ್ಲಿ ಸರಾಸರಿ 138, ಕೆಳಗಿನ ಅಂಕಿ 68. ಈ ಎರಡನೆಯ ಅಂಕಿ ಅಲ್ಲಿಯೇ ನಿಂತಿರಲು ಕಾರಣ ಪ್ರೊಸೆಸರ್ ಎಂಬುದು ಪರದೆಯ ಮೂಲೆಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ನಿಜ ಹೇಳಬೇಕೆಂದರೆ, 75ರ ಮಾನಿಟರ್ ಇರುವ ನನಗೆ ಆ 68 ಸಾಕಾಗಿತ್ತು. ಪ್ರೊಸೆಸರ್ ಬದಲಿಸುವಂತೆ ಮಾಡಿದ್ದು ವಿಂಡೋಸ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯುವುದಿತ್ತು, ಮೊದಲ ತಲೆಮಾರಿನ ರೈಜನ್ 1600 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆದು ಮುಂದೂಡುವ ದಾರಿಯೂ ಇತ್ತು. ಆದರೆ ಇದೇ ಯಂತ್ರದಲ್ಲಿ ಬ್ಯಾಂಕಿನ ಕೆಲಸ ನಡೆಯುತ್ತದೆ, ಒಂದು ವರ್ಷದ ನಂತರ ಅದೇ ಪ್ರಶ್ನೆ ಮತ್ತೆ ಎದುರು ನಿಲ್ಲುತ್ತದೆ. ಎಎಂ4ರ ದೊಡ್ಡ ಗುಣವೆಂದರೆ ಅದರ ದೀರ್ಘಾಯುಷ್ಯ: 2017ರ ಬಿ350 ಬೋರ್ಡುಗಳಿಗೂ 2022ರಲ್ಲಿ ಬಯೋಸ್ ಅಪ್‌ಡೇಟ್ ಮೂಲಕ ರೈಜನ್ 5000 ಸರಣಿಯ ಬೆಂಬಲ ಬಂತು. ಹೊಸ ಎಎಂ5ಕ್ಕೆ ಹೋದರೆ ಪ್ರೊಸೆಸರಿನ ಜೊತೆಗೆ ಬೋರ್ಡ್, ಡಿಡಿಆರ್5 ರ‍್ಯಾಮ್ ಎಲ್ಲವೂ ಹೊಸದಾಗಬೇಕು. ನನಗೆ ಬರೀ ಪ್ರೊಸೆಸರ್ ಸಾಕಾಯಿತು. ರೈಜನ್ 5 5600, ಆರು ಕೋರ್, 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ), ಮೊದಲಿನಂತೆಯೇ 65 ವ್ಯಾಟ್ ದರ್ಜೆಯದು, 9,600 ರೂಪಾಯಿ. ಇದಕ್ಕಿಂತ ಅಗ್ಗದ 5500 ಇದೆ, ಅದರ ಕ್ಯಾಶ್ 16 ಎಂಬಿ ಮಾತ್ರ; ಆಟಗಳಿಗೆ ಆ ಕ್ಯಾಶೇ ಮುಖ್ಯವಾದ್ದರಿಂದ ಬಿಟ್ಟೆ.

ಹೊಸ ಪ್ರೊಸೆಸರ್ ಕೂರಿಸುವ ಮೊದಲು, ಹಳೆಯದು ಇರುವಾಗಲೇ, ಬಯೋಸ್ ಬದಲಿಸಬೇಕು. ಆ ಕೆಲಸದ ನಡುವೆ ವಿದ್ಯುತ್ ಹೋದರೆ ಬೋರ್ಡ್ ಮತ್ತೆ ಏಳದಿರಬಹುದು. ಅದಕ್ಕಾಗಿ ಮೊದಲು ಯುಪಿಎಸ್ಸಿನ ಸತ್ತ ಬ್ಯಾಟರಿಯನ್ನು ತೆಗೆದು 12 ವೋಲ್ಟ್, 7 ಆಂಪಿಯರ್-ಅವರಿನ ಹೊಸದನ್ನು 1,100 ರೂಪಾಯಿಗೆ ಹಾಕಿಸಿದೆ, ರಾತ್ರಿಯಿಡೀ ಚಾರ್ಜ್ ಆಗಲು ಬಿಟ್ಟೆ, ನಸುಕಿನ ಐದೂವರೆಗೆ ಎದ್ದು ಕೂತೆ. ಅಂಗಳ ಗುಡಿಸಲು ಎದ್ದಿದ್ದ ಅವ್ವ, "ಇಷ್ಟು ನಸುಕಿನ್ಯಾಗ ಏನ್ ಮಾಡ್ಲಕತ್ತೀಯಪ್ಪ?" ಎಂದು ಬಾಗಿಲಲ್ಲಿ ನಿಂತು ಕೇಳಿದಳು. ಮಿಕ್ಸರ್ ಹಚ್ಚಬೇಡ, ನೀರಿನ ಮೋಟರ್ ಹಾಕಬೇಡ, ಅರ್ಧ ಗಂಟೆ ಎಂದು ಬೇಡಿಕೊಂಡೆ. ಪೆನ್ ಡ್ರೈವನ್ನು ಫ್ಯಾಟ್32 ಮಾದರಿಯಲ್ಲಿ ಸಿದ್ಧಪಡಿಸಿ, ಬೋರ್ಡ್ ತಯಾರಕರ ಪುಟದಲ್ಲಿ ಹೇಳಿದ್ದಂತೆ ಮೊದಲು ನಡುವಿನ ಒಂದು ಆವೃತ್ತಿಯನ್ನು, ಆಮೇಲೆ ಕೊನೆಯದನ್ನು ಹಾಕಿದೆ. ಬಿಳಿಯ ಪಟ್ಟಿ ಎಡದಿಂದ ಬಲಕ್ಕೆ ತೆವಳುವಾಗ ಯುಪಿಎಸ್ಸಿನ ಹಸಿರು ದೀಪವನ್ನೇ ನೋಡುತ್ತ ಕೂತಿದ್ದೆ. ಎರಡೂ ಬಾರಿ ಸುಸೂತ್ರವಾಗಿ ಮುಗಿಯಿತು. ಈ ಸಲ ಹೀಟ್‌ಸಿಂಕನ್ನು ಬೆಚ್ಚಗೆ ಮಾಡಿ, ತಿರುವಿ ಎತ್ತಿದೆ. ಪ್ರೊಸೆಸರ್ ತನ್ನ ಜಾಗದಲ್ಲೇ ಉಳಿಯಿತು.

ವಿಂಡೋಸ್ 11ಕ್ಕೆ ಬಯೋಸಿನಲ್ಲಿ ಎಫ್‌ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಆಯ್ಕೆಗಳನ್ನು ಚಾಲೂ ಮಾಡಬೇಕಾಯಿತು. ಅಳಿಯ ಗೆಳೆಯರೊಂದಿಗೆ ಆಡುವ ವ್ಯಾಲೊರಂಟ್ ಕೂಡ ವಿಂಡೋಸ್ 11ರಲ್ಲಿ ಇವೆರಡನ್ನೂ ಕೇಳುತ್ತದೆ. ರ‍್ಯಾಮ್ ಈಗ 3200ರಲ್ಲೇ ನಿಂತಿತು. ಕೌಂಟರ್-ಸ್ಟ್ರೈಕಿನ ಸರಾಸರಿ 210 ದಾಟಿತು, ಕೆಳಗಿನ ಅಂಕಿ 115. ನನ್ನ ಮಾನಿಟರ್ ತೋರಿಸಬಲ್ಲದ್ದು 75. ತೀರ ತಡವಾಗಿ ಬರುವ ಫ್ರೇಮುಗಳೂ ಈಗ ಅದಕ್ಕಿಂತ ಬೇಗ ಬರುತ್ತಿರುವುದರಿಂದ ಪರದೆ ಕಾಯಬೇಕಾಗುವುದು ತೀರ ಅಪರೂಪ. ಮೇಲಿನ 210 ನನ್ನ ಕಣ್ಣಿಗೆ ಬೀಳುವುದೇ ಇಲ್ಲವಾದ್ದರಿಂದ ನಾನು ಆಡುವಾಗ ಎಲ್ಲ ಆಟಗಳನ್ನೂ 75ಕ್ಕೆ ಕಟ್ಟಿಹಾಕಿದ್ದೇನೆ. ಕಾರ್ಡಿನ ಶಾಖ ಹನ್ನೊಂದು ಡಿಗ್ರಿ ಇಳಿದಿದೆ, ಫ್ಯಾನಿನ ಕೂಗು ನಿಂತಿದೆ.

ಒಟ್ಟು ಖರ್ಚು, ಯುಪಿಎಸ್ ಬ್ಯಾಟರಿ ಸೇರಿ, 45,150 ರೂಪಾಯಿ. ಹಳೆಯ ಕಾರ್ಡನ್ನು 4,000ಕ್ಕೂ ಹಳೆಯ ಪ್ರೊಸೆಸರನ್ನು 2,500ಕ್ಕೂ, ಬಾಗಿ ನೆಟ್ಟಗಾದ ಪಿನ್ನುಗಳ ವಿಷಯ ತಿಳಿಸಿಯೇ, ಮಾರಿದೆ. ಕೈಯಿಂದ ಹೋದದ್ದು 38,650. ಹಳೆಯ 8 ಜಿಬಿ ಸ್ಟಿಕ್ ಅಕ್ಕನ ಮನೆಯ ಕಂಪ್ಯೂಟರಿಗೆ ಹೋಯಿತು. ಬಣ್ಣದ ದೀಪಗಳ ಕ್ಯಾಬಿನೆಟ್, ನೀರಿನ ಕೂಲರ್, ಹೊಸ ಮಾನಿಟರ್ ಇವನ್ನೆಲ್ಲ ಮುಟ್ಟಲಿಲ್ಲ. ಈ ಲೆಕ್ಕದಲ್ಲಿ ಇಂದು ಬದಲಾಗಿರುವುದು ರ‍್ಯಾಮಿನದು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ ತಯಾರಕರು ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳ ಕಡೆಗೆ ಹೊರಳಿದ್ದರಿಂದ, ನಾನು 3,200ಕ್ಕೆ ತಂದ ಜೋಡಿಯ ಬೆಲೆ ಎರಡು ಪಟ್ಟನ್ನೂ ಮೀರಿದೆ. ಈಗ ಶುರು ಮಾಡುವವರು ಡಿಡಿಆರ್4 ಸ್ಟಿಕ್ ಕೈಯಲ್ಲಿದ್ದರೆ ಅದನ್ನು ಮಾರದೆ, ಅದೇ ವೇಗದ ಇನ್ನೊಂದು ಬಳಸಿದ ಸ್ಟಿಕ್ ಹುಡುಕಿ ಜೋಡಿ ಮಾಡಿಕೊಳ್ಳುವುದು ಒಳಿತು. ರ‍್ಯಾಮ್ ಸಾಮಾನ್ಯವಾಗಿ ಸವೆಯುವ ವಸ್ತುವಲ್ಲ. ಒಂದು ರಾತ್ರಿ ಮೆಮ್‌ಟೆಸ್ಟ್ ಎಂಬ ಪರೀಕ್ಷಾ ತಂತ್ರಾಂಶ ಓಡಿಸಿ ದೋಷ ಬರದಿದ್ದರೆ ಭಯಪಡಬೇಕಾಗಿಲ್ಲ.

ಹಳೆಯ ಹಾರ್ಡ್ ಡಿಸ್ಕ್ ಇನ್ನೂ ಕ್ಯಾಬಿನೆಟ್ಟಿನೊಳಗಿದೆ. ಅದು ಓಡಿರುವುದು 11,000 ಗಂಟೆಗೂ ಹೆಚ್ಚು, ಕೆಟ್ಟು ಬದಲಾಯಿಸಿಕೊಂಡ ಸೆಕ್ಟರುಗಳ ಎಣಿಕೆ ಸೊನ್ನೆಯಿಂದ ಎಂಟಕ್ಕೆ ಬಂದಿದೆ. ಫೋಟೊಗಳನ್ನೆಲ್ಲ ಈ ವಾರ ಬೇರೆಡೆಗೆ ನಕಲು ಮಾಡುತ್ತಿದ್ದೇನೆ. ಧೂಳು ತೆಗೆಯುವುದು ಶರಣಬಸವೇಶ್ವರ ಜಾತ್ರೆ ಮುಗಿದ ವಾರ, ಬಿಸಿಲು ಏರುವ ಮೊದಲು. ಬ್ರಷ್ಷನ್ನೂ ಉಳಿದ ಪೇಸ್ಟಿನ ಟ್ಯೂಬನ್ನೂ ಮೇಜಿನ ಖಾನೆಯಲ್ಲಿ ಪೆನ್ ಪೆನ್ಸಿಲ್ಲಿನ ಪಕ್ಕ ಇಟ್ಟಿದ್ದೇನೆ.